ಕಲ್ಲಣಬೆ, ಹುತ್ತದಣಬೆ, ಪೇಟೆಯ ಚಿಪ್ಪಣಬೆ: ಯಾವುದು ಯಾವುದಕ್ಕೆ?

ರೋಹಿಣಿ ಮಳೆ ಬಿದ್ದು, ನಾಲ್ಕು ಗುಡುಗು ಗುಡ್ಡ ನಡುಗಿಸಿದ ಮೇಲೆ ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿ ಕಡೆಯ ರಸ್ತೆಬದಿಯಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಬುಟ್ಟಿ ತುಂಬ ಕೆಮ್ಮಣ್ಣು ಮೆತ್ತಿದ, ಗೋಲಿಯಷ್ಟು ಗಾತ್ರದ ಉಂಡೆಗಳು. ಗೊತ್ತಿಲ್ಲದವರ ಕಣ್ಣಿಗೆ ಅದು ಜಲ್ಲಿಕಲ್ಲು. ನಮಗೆ ಕಲ್ಲಣಬೆ, ತುಳುವಿನಲ್ಲಿ ಕಲ್ಲಲಾಂಬು. ತಿಂಗಳು ಕಳೆದರೆ ಅದೇ ಜಾಗದಲ್ಲಿ, ಬಾಳೆಲೆಯ ಮೇಲೆ, ಉದ್ದ ಕಾಲಿನ, ನೆತ್ತಿ ಚೂಪಾದ ಬಿಳಿ ಕೊಡೆಗಳು ಬರುತ್ತವೆ. ಅದು ಹುತ್ತದಣಬೆ. ಇನ್ನು ಚಿಪ್ಪಣಬೆ, ಬಟನ್ ಅಣಬೆ, ಹಾಲಣಬೆಗಳು ಪೇಟೆಯ ತರಕಾರಿ ಅಂಗಡಿಯಲ್ಲಿ ವರ್ಷವಿಡೀ ಇರುವಂಥವು. ಈಚೆಗೆ ಇವುಗಳ ಸಾಲಿಗೆ ಡಬ್ಬಿಯಲ್ಲಿ ತುಂಬಿದ ಅಣಬೆ ಕ್ಯಾಪ್ಸೂಲ್ ಕೂಡ ಬಂದು ಸೇರಿದೆ.

ಮಳೆಗಾಲ ಹಿಡಿಯಿತೆಂದರೆ ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಕ್ಕಳ ಫೋನು ಶುರು. "ಅಕ್ಕಾ, ಕಲ್ಲಣಬೆ ಒಳ್ಳೆಯದಾ, ಹುತ್ತದ್ದು ಒಳ್ಳೆಯದಾ? ಶುಗರಿಗೆ ಯಾವುದು ಆಗುತ್ತದೆ? ಅತ್ತೆಗೆ ಕ್ಯಾನ್ಸರ್ ಆಪರೇಷನ್ ಆಗಿದೆ, ಕಾಡಿನ ಅಣಬೆ ಕೊಡಬಹುದಾ?" ರುಚಿ, ಪುಷ್ಟಿ, ಮದ್ದು ಈ ಮೂರನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ನಾನು ಪ್ರತಿಸಲ ಹೇಳುವುದು ಒಂದೇ: ಮೂರು ಕೆಲಸವನ್ನೂ ಒಂದೇ ಅಣಬೆಯ ತಲೆಗೆ ಕಟ್ಟಬೇಡಿ. ರುಚಿಗೆ ಕಾಡಿನದು, ಅದೂ ನಿಮ್ಮ ಮನೆಯಲ್ಲಿ ಒಬ್ಬರಿಗಾದರೂ ಸರಿಯಾಗಿ ಗುರುತಿರುವ ಒಂದೋ ಎರಡೋ ಜಾತಿ ಮಾತ್ರ. ದಿನದ ಊಟಕ್ಕೆ ಬೆಳೆಸಿದ ಅಣಬೆ. ಮದ್ದಿಗೆ? ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಮುಂದೆ ಹೇಳುತ್ತೇನೆ.

ಕಲ್ಲಣಬೆ: ಎರಡಾಗಿ ಸೀಳಿ ನೋಡುವ ಅಣಬೆ

ಇದರ ಶಾಸ್ತ್ರೀಯ ಹೆಸರು ಆಸ್ಟ್ರೇಯಸ್. ಬಲಿತ ಮೇಲೆ ಹೊರಗಿನ ಗಟ್ಟಿ ಚಿಪ್ಪು ನಕ್ಷತ್ರದ ಹಾಗೆ ಐದಾರು ಸೀಳಾಗಿ ಬಿರಿಯುತ್ತದೆ. ತೇವ ಇದ್ದರೆ ಎಸಳು ಅರಳುತ್ತವೆ, ಬಿಸಿಲು ಬಂದರೆ ಮತ್ತೆ ಮುಚ್ಚಿಕೊಳ್ಳುತ್ತವೆ. ಆ ಹೊತ್ತಿಗೆ ಅದು ತಿನ್ನುವ ವಸ್ತುವಲ್ಲ, ಒಳಗೆ ಬರೀ ಕಂದು ಹುಡಿ. ನಾವು ತಿನ್ನುವುದು ಬಿರಿಯುವ ಮೊದಲು, ಮಣ್ಣಿನಲ್ಲಿ ಅರ್ಧ ಹುದುಗಿ ಕೂತ ಎಳೆಯ ಉಂಡೆ.

ಇದನ್ನು ಯಾರೂ ಬೆಳೆಸಿ ಮಾರುವುದಿಲ್ಲ. ಕಾರಣ, ಇದು ಜೀವಂತ ಮರದ ಬೇರಿನ ಜೊತೆ ಕೊಡುಕೊಳ್ಳುವ ಸಂಬಂಧ ಇಟ್ಟುಕೊಂಡ ಅಣಬೆ. ಮಣ್ಣಿನ ನೀರು, ಲವಣ ಮರಕ್ಕೆ, ಮರ ಮಾಡಿದ ಸಕ್ಕರೆ ಅಣಬೆಗೆ. ನಮ್ಮಲ್ಲಿ ಮುರಕಲ್ಲಿನ ಗುಡ್ಡಗಳಲ್ಲಿ, ಬೋಗಿ, ಧೂಪದಂತಹ ಮರಗಳಿರುವ ಕುರುಚಲು ಕಾಡಿನಲ್ಲಿ ಸಿಗುತ್ತದೆ. ಇದೇ ಕುಟುಂಬಕ್ಕೆ ಸೇರಿದ ಸಾಲವೃಕ್ಷದ ಕಾಡಿರುವ ಜಾರ್ಖಂಡಿನಲ್ಲಿ ಇದಕ್ಕೆ ರುಗ್ಡಾ ಎನ್ನುತ್ತಾರೆ, ಬಸ್ತರಿನಲ್ಲಿ ಬೋಡಾ. ಥಾಯ್ಲೆಂಡಿನವರಿಗೂ ಮೊದಲ ಮಳೆಯ ಹಬ್ಬದೂಟ ಇದೇ. ಗುಡ್ಡ ಕಡಿದು ಸಮತಟ್ಟು ಮಾಡಿ ರಬ್ಬರ್ ಹಾಕಿದ ಕಡೆ ಕಲ್ಲಣಬೆ ಮತ್ತೆ ಕಣ್ಣಿಗೆ ಬಿದ್ದದ್ದನ್ನು ನಾನು ಕಂಡಿಲ್ಲ. ಜೊತೆಗಾರ ಮರ ಹೋದ ಮೇಲೆ ಅದಾದರೂ ಎಲ್ಲಿಂದ ಬರಬೇಕು?

ಅಜ್ಜಿ ಕಲ್ಲಣಬೆ ಸರಿಮಾಡುವುದನ್ನು ನೋಡಿಯೇ ನಾನು ಇದನ್ನು ಕಲಿತದ್ದು. ಹಳೆಯ ಬೆತ್ತದ ಬುಟ್ಟಿಗೆ ಹಾಕಿ, ತೋಡಿನ ನೀರಿನಲ್ಲಿ ಅದ್ದಿ ಅದ್ದಿ, ಅಕ್ಕಿ ತೊಳೆದ ಹಾಗೆ ಕೈಯಲ್ಲಿ ತಿಕ್ಕುತ್ತಿದ್ದರು. ಏಳೆಂಟು ನೀರು ಹೋದ ಮೇಲೆ ಉಂಡೆ ಬೂದುಬಿಳಿ ಬಣ್ಣಕ್ಕೆ ಬರುತ್ತಿತ್ತು. ಆಮೇಲೆ ಮೆಟ್ಟುಕತ್ತಿಯ ಮುಂದೆ ಕೂತು ಒಂದೊಂದನ್ನೂ ಸರಿಯಾಗಿ ನಡುವೆ ಸೀಳುತ್ತಿದ್ದರು. ಐನೂರು ಉಂಡೆ ಇದ್ದರೆ ಐನೂರು ಸಲ. ಸೀಳಿದ ಹೋಳನ್ನು ಒಂದು ಕ್ಷಣ ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಹೊರಗೆ ಉಗುರಿನ ದಪ್ಪದ ಗಟ್ಟಿ ಚಿಪ್ಪು, ಒಳಗೆ ತೆಂಗಿನ ಎಳೆಗಂಜಿಯಂತಹ ಬಿಳಿ ತಿರುಳು. ಹಾಗಿದ್ದರೆ ಪಾತ್ರೆಗೆ. ತಿರುಳು ಕಂದಿದ್ದರೆ, ಕಪ್ಪಾಗಿದ್ದರೆ, ನೇರಳೆ ಛಾಯೆ ಇದ್ದರೆ ಬಾಳೆಯ ಬುಡಕ್ಕೆ. "ಒಂದನ್ನೂ ಸೀಳದೆ ಹಾಕಬಾರದು ಮಗಾ" ಎನ್ನುತ್ತಿದ್ದರು. ಅದು ಬರೀ ಶುಚಿಯ ಮಾತಲ್ಲ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಉಂಡೆಯ ರೂಪದಲ್ಲಿ ಮೋಸ ಮಾಡುವವು ಎರಡಿವೆ. ಒಂದು ಸ್ಕ್ಲೆರೋಡರ್ಮ ಎಂಬ ವಿಷದುಂಡೆ. ಇದರ ಒಳಗು ಬಹಳ ಬೇಗ ನೇರಳೆಗಪ್ಪಾಗುತ್ತದೆ, ಮೂಗಿಗೆ ಹಿತವಲ್ಲದ ವಾಸನೆ ಬರುತ್ತದೆ, ತಿಂದರೆ ವಾಂತಿ. ಇನ್ನೊಂದು ಇದಕ್ಕಿಂತ ಘೋರ: ಅಮಾನಿಟ ಜಾತಿಯ ಕೊಡೆ ಅಣಬೆಗಳು ಎಳವೆಯಲ್ಲಿ ಮೊಟ್ಟೆಯ ಹಾಗೆ ಚೀಲದೊಳಗೆ ಇರುತ್ತವೆ. ಹೊರಗಿನಿಂದ ಬಿಳಿ ಉಂಡೆಯೇ. ಆದರೆ ಮೇಲಿನಿಂದ ಕೆಳಕ್ಕೆ ಸೀಳಿದರೆ ಒಳಗೆ ಮಡಚಿಟ್ಟ ಪುಟ್ಟ ಕೊಡೆಯ ಗೆರೆ, ಕಾಲು, ತಲೆ ಎಲ್ಲ ಚಿತ್ರ ಬರೆದ ಹಾಗೆ ಕಾಣುತ್ತದೆ. ಕಲ್ಲಣಬೆಯ ಒಳಗೆ ಯಾವ ಚಿತ್ರವೂ ಇರುವುದಿಲ್ಲ, ಬರೀ ಒಂದೇ ಸಮನಾದ ಬಿಳಿ. ಅಜ್ಜಿ ಬೆಳಕಿಗೆ ಹಿಡಿದು ನೋಡುತ್ತಿದ್ದದ್ದು ಇದನ್ನೇ.

ಹೊಸಬರಿಗೆ ಕಾಡಿನ ಅಣಬೆಗಳಲ್ಲಿ ಒಂದನ್ನು ಆರಿಸಿಕೊಡು ಎಂದರೆ ನಾನು ಕಲ್ಲಣಬೆಯನ್ನೇ ಕೊಡುವುದು ಇದಕ್ಕಾಗಿ. ಪರೀಕ್ಷೆ ಒಂದೇ, ಮನೆಯಲ್ಲೇ ಕೂತು ಮಾಡುವಂಥದ್ದು, ಒಂದೊಂದು ಉಂಡೆಗೂ ಬೇರೆಬೇರೆಯಾಗಿ ಮಾಡಲಿಕ್ಕಾಗುತ್ತದೆ.

ಹುತ್ತದಣಬೆ: ರುಚಿಯಲ್ಲಿ ಮೇಲೆ, ಗುರುತಿನಲ್ಲಿ ಕಷ್ಟ

ಬಾಯಿರುಚಿಯೊಂದನ್ನೇ ಕೇಳಿದರೆ ನನ್ನ ಓಟು ಹುತ್ತದಣಬೆಗೆ. ಟರ್ಮಿಟೊಮೈಸಿಸ್ ಎಂಬ ಈ ಗುಂಪಿಗೆ ಹೆಸರಿಟ್ಟವರು ಫ್ರಾನ್ಸಿನ ರೋಜರ್ ಹೈಮ್, 1942ರಲ್ಲಿ. ದಕ್ಷಿಣ ಭಾರತದಲ್ಲಿ ಸಿಗುವ ಒಂದು ಜಾತಿಗೆ ಅವರ ಗೌರವಕ್ಕೆಂದೇ ಟರ್ಮಿಟೊಮೈಸಿಸ್ ಹೈಮಿ ಎಂಬ ಹೆಸರು 1979ರಲ್ಲಿ ಬಂತು. ಕೊಡಗಿನವರು ಕುಮ್ಮು, ಗೋವಾದವರು ರೋಂಯ್ ಅಳ್ಮಿ ಎಂದು ಕರೆಯುವ ಅಣಬೆಗಳಲ್ಲಿ ಮೇಲು ಎನಿಸಿಕೊಂಡವೂ ಈ ಗುಂಪಿನವೇ.

ಗೆದ್ದಲು ಮತ್ತು ಈ ಅಣಬೆಯ ನಂಟು ಮೂರು ಕೋಟಿ ವರ್ಷದ ಹಳೆಯದು. ಗೆದ್ದಲು ತಂದ ಒಣಎಲೆ, ಕಟ್ಟಿಗೆಯ ಚೂರನ್ನು ಅದರ ಹೊಟ್ಟೆ ಪೂರ್ತಿ ಅರಗಿಸಲಾರದು. ಅದು ಹಿಕ್ಕೆಯಾಗಿ ಹೊರಹಾಕಿದ್ದನ್ನು ಸ್ಪಂಜಿನಂತಹ ತಟ್ಟಿಯಾಗಿ ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತದೆ. ಶಿಲೀಂಧ್ರ ಕಟ್ಟಿಗೆಯನ್ನು ಅರಗಿಸಿ ಮೆತ್ತಗೆ ಮಾಡಿಕೊಟ್ಟ ಮೇಲೆ ಗೆದ್ದಲು ಅದನ್ನು ತಿನ್ನುತ್ತದೆ. ನೆಲದಡಿಯ ಆ ತಟ್ಟಿಯಿಂದ ಹೊರಟು, ಮೊಳದುದ್ದದ ಬೇರಿನಂತಹ ಕಾಲಿನ ಮೇಲೆ ನೆಲ ಸೀಳಿಕೊಂಡು ಬರುವ ಕೊಡೆಯೇ ನಮ್ಮ ಹುತ್ತದಣಬೆ. ನೆತ್ತಿ ಚೂಪಾಗಿರುವುದು ಮಣ್ಣು ಕೊರೆಯಲಿಕ್ಕೆ. ಗೆದ್ದಲಿಲ್ಲದೆ ಇದನ್ನು ಬೆಳೆಸುವ ಯತ್ನ ಎಷ್ಟು ನಡೆದರೂ ಪೇಟೆಗೆ ಬರುವ ಮಟ್ಟಕ್ಕೆ ಗೆದ್ದಿಲ್ಲ. ಸಿಕ್ಕುವುದು ಕಾಡಿನದು ಮಾತ್ರ, ಸಿಕ್ಕಾಗ ಮಾತ್ರ.

ಗುರುತು ಹೇಗೆ? ನೆತ್ತಿಯ ಚೂಪು ಮೊದಲನೆಯದು. ಎರಡನೆಯದು ಬೇರು. ಕಾಲನ್ನು ಮುರಿಯದೆ, ಸುತ್ತಲಿನ ಮಣ್ಣು ಬೆರಳಲ್ಲಿ ಸಡಿಲಿಸಿ ಮೆಲ್ಲ ಎಳೆದರೆ, ಕೆಳಕ್ಕೆ ಹೋದಷ್ಟೂ ಸಪೂರವಾಗುವ ಉದ್ದ ಬೇರು ಬರಬೇಕು. ಬುಡದಲ್ಲಿ ಚೀಲವೋ ಗಡ್ಡೆಯೋ ಕಂಡರೆ ಅಲ್ಲೇ ಬಿಟ್ಟು ಕೈ ತೊಳೆದುಕೊಂಡು ಬನ್ನಿ. ಮೂರನೆಯದು ಕೊಡೆಯಡಿಯ ಎಸಳು: ಮೊದಲು ಬಿಳಿ, ಆಮೇಲೆ ತಿಳಿಗುಲಾಬಿ. ಒಂದು ಕೊಡೆಯನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿ ಮೇಲೆ ಪಾತ್ರೆ ಕವುಚಿಟ್ಟರೆ ಬೆಳಗಾಗುವಾಗ ಕಾಗದದ ಮೇಲೆ ತಿಳಿಗುಲಾಬಿ ಹುಡಿ ಬಿದ್ದಿರುತ್ತದೆ. ಈ ಮೂರೂ ಕೂಡಿ ಬಂದು, ಜೊತೆಗೆ ಪ್ರತಿವರ್ಷ ಅದೇ ಹುತ್ತದ ಬಳಿ ಎತ್ತಿದವರೊಬ್ಬರು ಹೌದು ಎಂದರೆ ಮಾತ್ರ ಅದು ಅಡುಗೆಮನೆಗೆ. ಮೂರರಲ್ಲಿ ಎರಡು ಸೇರಿದರೆ ಸಾಕು ಎಂದುಕೊಳ್ಳಬೇಡಿ, ಗುಲಾಬಿ ಹುಡಿಯ ವಿಷದಣಬೆಗಳೂ ಇವೆ.

ಇದೇ ಗುಂಪಿನ ನುಚ್ಚಣಬೆಗೆ ಈ ಬೇರಿನ ಲೆಕ್ಕ ಸಲ್ಲದು. ಗೆದ್ದಲು ತನ್ನ ತಟ್ಟಿಯ ಚೂರುಗಳನ್ನು ಹೊರಗೆ ತಂದು ಹರಡಿದಾಗ ಅದರ ಮೇಲೆ ನೂರಾರು ಪುಟ್ಟ ಬಿಳಿ ಕೊಡೆಗಳು ಅಕ್ಕಿನುಚ್ಚು ಚೆಲ್ಲಿದ ಹಾಗೆ ಏಳುತ್ತವೆ. ತಿನ್ನಲು ಅಮೃತ. ಆದರೆ ನೂರು ಕೊಡೆಗಳ ನಡುವೆ ಬೇರೆ ಜಾತಿಯ ನಾಲ್ಕು ಸೇರಿಕೊಂಡರೆ ಕಣ್ಣು ಹಿಡಿಯುವುದಿಲ್ಲ. ಚಿಕ್ಕಂದಿನಿಂದ ಎತ್ತಿ ಅಭ್ಯಾಸವಿಲ್ಲದವರು ಅದಕ್ಕೆ ಕೈ ಹಾಕದಿದ್ದರೆ ಒಳ್ಳೆಯದು.

ಅರಿಶಿನ, ಬೆಳ್ಳಿ ಚಮಚ ಮತ್ತು ಸೋದರಮಾವನ ಮನೆ

ಒಂದು ಆಶ್ಲೇಷಾ ಮಳೆಯಲ್ಲಿ ಸೋದರಮಾವನ ಮನೆಯ ಗೊಬ್ಬರಗುಂಡಿಯ ಪಕ್ಕ ಊಟದ ತಟ್ಟೆಯಷ್ಟು ಅಗಲದ ಬಿಳಿ ಅಣಬೆಗಳು ಎದ್ದಿದ್ದವು. ಚೆಂದವೆಂದರೆ ಚೆಂದ. ಅತ್ತೆ ರೂಢಿಯಂತೆ ಅರಿಶಿನ ಹಾಕಿ ಕುದಿಸಿದರು, ಬಣ್ಣ ಬದಲಾಗಲಿಲ್ಲ. ಬೆಳ್ಳುಳ್ಳಿ ಹಾಕಿದರು, ಕಪ್ಪಾಗಲಿಲ್ಲ. ಸರಿಯಿದೆ ಎಂದು ಮೂವರು ಉಂಡರು. ಎರಡು ಗಂಟೆಯೊಳಗೆ ಮೂವರಿಗೂ ವಾಂತಿ, ಭೇದಿ, ಹೊಟ್ಟೆ ಹಿಂಡುವ ನೋವು. ಎರಡು ದಿನ ಗ್ಲೂಕೋಸ್ ಹಾಕಿಸಿಕೊಂಡು ಮಲಗಬೇಕಾಯಿತು. ಮರುದಿನ ನಾನು ಹೋಗಿ ಗುಂಡಿಯ ಬಳಿ ಉಳಿದಿದ್ದ ಒಂದು ಕೊಡೆಯನ್ನು ಮಗುಚಿ ನೋಡಿದೆ. ಎಸಳಿನ ಮೇಲೆ ಮಾಸಲು ಹಸಿರು. ಕಾಲಿನ ಮೇಲೆ ಬಳೆ. ಕ್ಲೋರೋಫಿಲಮ್ ಎಂಬ ಅಣಬೆ ಅದು. ಗೊಬ್ಬರವಿರುವ ಕಡೆ, ಹುಲ್ಲುಹಾಸಿನಲ್ಲಿ ಏಳುತ್ತದೆ, ಎಳವೆಯಲ್ಲಿ ಎಸಳು ಬಿಳಿಯಾಗಿಯೇ ಇದ್ದು ಬಲಿತ ಮೇಲೆ ಹಸಿರಾಗುತ್ತದೆ. ಹುತ್ತದಣಬೆ ಎಂದು ಮೋಸಹೋಗುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಅತ್ತೆಗೆ ಯಾರೂ ಬೈಯಲಿಲ್ಲ, ಅವರಿಗೆ ಅವರಮ್ಮ ಹೇಳಿಕೊಟ್ಟದ್ದನ್ನೇ ಅವರು ಮಾಡಿದ್ದು. ಆದರೆ ಇದನ್ನು ಬಿಡಿಸಿ ಹೇಳಲೇಬೇಕು. ಅರಿಶಿನ, ಬೆಳ್ಳುಳ್ಳಿ, ಅಕ್ಕಿಕಾಳು, ಬೆಳ್ಳಿ ಚಮಚ ಇವು ಯಾವುದಕ್ಕೂ ಅಣಬೆಯ ವಿಷ ಕಂಡುಹಿಡಿಯುವ ಶಕ್ತಿ ಇಲ್ಲ. ಹುಳ ತಿಂದಿದ್ದರೆ ನಾವೂ ತಿನ್ನಬಹುದು ಎಂಬ ಮಾತೂ ಸುಳ್ಳು. ಅಮಾನಿಟ ಜಾತಿಯ ಕೆಲವು ಅಣಬೆಗಳ ವಿಷ ಕುದಿಸಿದರೂ ಹೋಗದು, ಒಣಗಿಸಿದರೂ ಹೋಗದು. ತಿಂದಾಗ ರುಚಿಯಲ್ಲಿ ಏನೂ ತಿಳಿಯುವುದಿಲ್ಲ.

ಆ ವಿಷದ ನಡೆಯನ್ನೂ ತಿಳಿದಿರಬೇಕು. ಕ್ಲೋರೋಫಿಲಮ್ ಎರಡು ಮೂರು ಗಂಟೆಯಲ್ಲೇ ಗಲಾಟೆ ಎಬ್ಬಿಸುತ್ತದೆ, ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಅಮಾನಿಟ ವಿಷ ಆರು ಗಂಟೆಯಿಂದ ಹಿಡಿದು ಒಂದು ದಿನದವರೆಗೂ ಸುಮ್ಮನಿರುತ್ತದೆ. ಆಮೇಲೆ ವಾಂತಿಭೇದಿ. ಅದು ನಿಂತು ಮನುಷ್ಯ ಎದ್ದು ಕೂರುತ್ತಾನೆ, ಮನೆಯವರು ಗುಣವಾಯಿತು ಎಂದುಕೊಳ್ಳುತ್ತಾರೆ. ಆ ಹೊತ್ತಿನಲ್ಲೇ ಪಿತ್ತಜನಕಾಂಗ ಒಳಗೆ ಹಾಳಾಗುತ್ತಿರುತ್ತದೆ, ಮೂರನೆಯ ದಿನದ ಹೊತ್ತಿಗೆ ಕಾಮಾಲೆ ಏರಿ ಜೀವಕ್ಕೆ ಬರುತ್ತದೆ. ಹಾಗಾಗಿ ರಾತ್ರಿ ಅಣಬೆ ಉಂಡು ಬೆಳಗ್ಗೆ ವಾಂತಿ ಶುರುವಾದರೆ, ಸಂಜೆಗೆ ಕಡಿಮೆಯಾದರೂ, ದೊಡ್ಡ ಆಸ್ಪತ್ರೆಗೇ ಹೋಗಿ. ಕಾಡಿನ ಅಣಬೆ ಮಾಡಿದ ದಿನ ಬೇಯಿಸದ ಒಂದೆರಡು ಅಣಬೆಯನ್ನು ಬುಡಸಮೇತ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ತೆಗೆದಿಡುವುದು ನಮ್ಮ ಮನೆಯಲ್ಲಿ ಈಗ ರೂಢಿ. ವೈದ್ಯರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಒಲೆಯ ಮೇಲೆ

ಕಲ್ಲಣಬೆಗೆ ಮಸಾಲೆ ಬೇಕು, ಹೊತ್ತೂ ಬೇಕು. ಸೀಳಿದ ಹೋಳುಗಳನ್ನು ಉಪ್ಪು, ಅರಿಶಿನ ಹಾಕಿ ಅರ್ಧ ಗಂಟೆಯಾದರೂ ಬೇಯಿಸಬೇಕು. ಬೆಂದ ಮೇಲೂ ಚಿಪ್ಪು ಹಲ್ಲಿಗೆ ಕರುಂ ಎನ್ನುತ್ತದೆ, ಒಳಗಿನ ತಿರುಳು ಮೆತ್ತಗೆ ಒಡೆಯುತ್ತದೆ. ಅದೇ ಅದರ ಸುಖ. ಅರ್ಧ ಕಿಲೋಗೆ ಎಂಟು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಂತೆಯನ್ನು ತೆಂಗಿನೆಣ್ಣೆಯಲ್ಲಿ ಹುರಿದು, ಬೆಳ್ಳುಳ್ಳಿ, ಗೋಲಿಗಾತ್ರದ ಹುಣಸೆಹಣ್ಣು ಸೇರಿಸಿ ಅರೆಯಿರಿ. ಕೊನೆಗೆ ಒಂದು ಹೋಳು ಕಾಯಿತುರಿಯನ್ನು ಒಂದೇ ಸುತ್ತು ತಿರುಗಿಸಿ ಹಾಕಿ, ನೀರಾರುವವರೆಗೆ ಬಾಡಿಸಿದರೆ ಸುಕ್ಕ. ಕಾಯಿ ನುಣ್ಣಗೆ ಅರೆದು ರಸ ಬಿಟ್ಟರೆ ಗಸಿ. ನೀರುದೋಸೆಗೆ ಗಸಿ, ಕುಚ್ಚಲಕ್ಕಿ ಗಂಜಿಗೆ ಸುಕ್ಕ. ಮಾಂಸ ತಿನ್ನದ ಮನೆಗಳಿಗೂ ಈ ಮಸಾಲೆ ಹತ್ತಿರವೇ.

ಹುತ್ತದಣಬೆಗೆ ಮಸಾಲೆ ಹೊರಿಸಿದರೆ ನನಗೆ ಸಂಕಟವಾಗುತ್ತದೆ. ಅದರ ಪರಿಮಳವೇ ಸಾಕಷ್ಟಿದೆ. ಕಾಲನ್ನು ಕೈಯಲ್ಲಿ ಎಳೆಎಳೆಯಾಗಿ ಸೀಳಿ, ಕೊಡೆಯನ್ನು ನಾಲ್ಕು ಹೋಳು ಮಾಡಿ, ತೆಂಗಿನೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು, ಉಪ್ಪು ಹಾಕಿ ಮುಚ್ಚಿಟ್ಟರೆ ಅದೇ ನೀರು ಬಿಟ್ಟುಕೊಂಡು ಹತ್ತು ಹದಿನೈದು ನಿಮಿಷದಲ್ಲಿ ಬೇಯುತ್ತದೆ. ಮಲೆನಾಡಿನ ಕಡುಬಿಗೆ, ಕೊಡಗಿನ ಕಡಂಬುಟ್ಟಿಗೆ, ನಮ್ಮ ಅಕ್ಕಿರೊಟ್ಟಿಗೆ ಆ ರಸವೊಂದೇ ಸಾಕು. ಕಾಲಿನ ಎಳೆ ಕೋಳಿಯ ಎದೆಮಾಂಸದ ಹಾಗಿರುತ್ತದೆ. ಚೀನಾದ ಯುನ್ನಾನಿನವರು ಈ ಅಣಬೆಗೆ ಇಟ್ಟ ಹೆಸರು ಜಿಝೋಂಗ್, ಅದರಲ್ಲಿ ಜಿ ಎಂದರೆ ಕೋಳಿ. ಸಾವಿರಾರು ಮೈಲಿ ಆಚೆಯ ನಾಲಿಗೆಗೂ ಅದೇ ಹೋಲಿಕೆ ಹೊಳೆದದ್ದು ನನಗೆ ಬಹಳ ಖುಷಿ ಕೊಟ್ಟ ಸಂಗತಿ.

ಎರಡನ್ನೂ ಹಸಿಯಾಗಿ ತಿನ್ನಬಾರದು. ಇಡುವ ವಿಷಯದಲ್ಲಿ ಕಲ್ಲಣಬೆ ಗಟ್ಟಿ, ತೊಳೆಯದೆ ಇಟ್ಟರೆ ಎರಡು ಮೂರು ದಿನ ತಡೆಯುತ್ತದೆ. ಹುತ್ತದಣಬೆ ಎತ್ತಿದ ದಿನವೇ ಒಲೆಗೆ ಹೋಗಬೇಕು. ಸಂಜೆಗೆ ಕೊಡೆಯೊಳಗೆ ಹುಳ ಆಡುತ್ತಿರುತ್ತದೆ.

ಚಿಪ್ಪಣಬೆ, ಬಟನ್, ಹಾಲಣಬೆಗಳ ರುಚಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಕಿದ ಮಸಾಲೆಯ ರುಚಿಯೇ ಅವುಗಳ ರುಚಿ. ಹಾಲಣಬೆ ಮಾತ್ರ ಸ್ವಲ್ಪ ಬೇರೆ. ನಮ್ಮ ದೇಶದ್ದೇ ಜಾತಿ, ಬಂಗಾಳದಲ್ಲಿ ಮೊದಲು ಗುರುತಿಸಿದ್ದು, ಸೆಖೆಯ ಊರುಗಳಲ್ಲೂ ಬೆಳೆಯುತ್ತದೆ. ಕಾಲು ದಪ್ಪ, ಬೇಗ ಮೆದುವಾಗುವುದಿಲ್ಲ. ಕಲ್ಲಣಬೆಯ ಸುಕ್ಕ ಮಸಾಲೆಗೆ ಬದಲಿ ಬೇಕೆಂದರೆ ನಾನು ಇದನ್ನು ತರುತ್ತೇನೆ.

ಪುಷ್ಟಿಗೆ ಯಾವುದು?

ಇಲ್ಲಿ ಕಾಡಿನದಕ್ಕೆ ದೊಡ್ಡ ಪಟ್ಟ ಕಟ್ಟುವ ಅಗತ್ಯವಿಲ್ಲ. ಯಾವ ಹಸಿ ಅಣಬೆಯಾದರೂ ಹತ್ತರಲ್ಲಿ ಒಂಬತ್ತು ಪಾಲು ನೀರು. ಉಳಿದ ಪಾಲಿನಲ್ಲಿ ಒಳ್ಳೆಯ ಪ್ರೋಟೀನು, ನಾರು, ಬಿ ಗುಂಪಿನ ವಿಟಮಿನ್‌ಗಳು ಇವೆ, ಕೊಬ್ಬು ತೀರಾ ಕಡಿಮೆ. ಇದು ಚಿಪ್ಪಣಬೆಗೂ ನಿಜ, ಹುತ್ತದ್ದಕ್ಕೂ ನಿಜ. ವರ್ಷಕ್ಕೆ ನಾಲ್ಕು ಸಲ ತಿನ್ನುವ ಕಲ್ಲಣಬೆಯಿಂದ ಮೈಗೆ ಎಷ್ಟು ಬಂದೀತು? ವಾರಕ್ಕೆರಡು ಸಲ ತಿನ್ನುವ ಚಿಪ್ಪಣಬೆಯೇ ಈ ಲೆಕ್ಕದಲ್ಲಿ ಗೆಲ್ಲುತ್ತದೆ. ಅಡುಗೆಗೆ ಮೊದಲು ಎಸಳು ಮೇಲಾಗಿ ಬಿಸಿಲಿಗೆ ಸ್ವಲ್ಪ ಹೊತ್ತು ಇಟ್ಟರೆ ಅಣಬೆಯಲ್ಲಿ ವಿಟಮಿನ್ ಡಿ ಹೆಚ್ಚುತ್ತದೆ. ಶುಗರ್ ಇರುವವರ ಊಟಕ್ಕೂ ಅಣಬೆ ಹೊಂದುತ್ತದೆ, ಸಕ್ಕರೆ ಏರಿಸುವ ಪಿಷ್ಟ ಕಡಿಮೆ ಎಂಬ ಕಾರಣಕ್ಕೆ. ಮಾತ್ರೆಯ ಬದಲಿಗೆ ಅಲ್ಲ.

ಬಸುರಿಯರಿಗೆ, ಪುಟ್ಟ ಮಕ್ಕಳಿಗೆ, ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರಿಗೆ ನಾನು ಕಾಡಿನ ಅಣಬೆ ಬಡಿಸುವುದಿಲ್ಲ. ಅಂಥವರಿಗೆ ಅಂಗಡಿಯ ತಾಜಾ ಅಣಬೆ ಚೆನ್ನಾಗಿ ಬೇಯಿಸಿ ಕೊಡುತ್ತೇನೆ. ಮನೆಯಲ್ಲೇ ಚಿಪ್ಪಣಬೆ ಬೆಳೆಸುವ ಆಸೆ ಇದ್ದರೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ವಿಭಾಗವಿದೆ. ಬೈಹುಲ್ಲಿದ್ದರೆ ಸಾಕು, ಮೂರು ನಾಲ್ಕು ವಾರದಲ್ಲಿ ಮೊದಲ ಕೊಯ್ಲು.

ಮದ್ದಿನ ಮಾತು

ನಮ್ಮ ಹಳೆಯ ವೈದ್ಯಗ್ರಂಥಗಳು ಅಣಬೆಯನ್ನು ಹೊಗಳಿ ಆಕಾಶಕ್ಕೇರಿಸಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ, ಸರ್ಪಚ್ಛತ್ರಕ ಎಂಬುದನ್ನು ಬಿಟ್ಟು ಉಳಿದ ಛತ್ರಜಾತಿಗಳು ಶೀತ, ಸಿಹಿ, ಜೀರ್ಣಕ್ಕೆ ಭಾರ, ನೆಗಡಿ ತರುವಂಥವು ಎಂದಿದೆ. ಸುಶ್ರುತ ಅವನ್ನು ಹುಟ್ಟುವ ಜಾಗದ ಮೇಲೆ ವಿಂಗಡಿಸುತ್ತಾನೆ: ಹುಲ್ಲು, ಕಬ್ಬು, ಸಗಣಿ, ಬಿದಿರು, ನೆಲ. ಅಣಬೆಯಲ್ಲಿ ಜಾಗವೇ ಅರ್ಧ ಗುರುತು ಎಂಬುದು ಅಂದೇ ತಿಳಿದಿತ್ತು. ಅಜ್ಜಿಯರು ಅಣಬೆಗೆ ಕಾಳುಮೆಣಸು, ಬೆಳ್ಳುಳ್ಳಿ, ಶುಂಠಿ ತಪ್ಪದೆ ಹಾಕುವುದನ್ನು ಈ ಶೀತ, ಭಾರ ಎಂಬ ಮಾತಿನ ಜೊತೆ ಇಟ್ಟು ನೋಡಿದರೆ ಅಡುಗೆಯ ಲೆಕ್ಕ ಅರ್ಥವಾಗುತ್ತದೆ.

ಜನಪದ ಮದ್ದಿನಲ್ಲಿ ಅಣಬೆ ಇಲ್ಲವೆಂದಲ್ಲ. ಮಧ್ಯಪ್ರದೇಶದ ಬೈಗಾ, ಭಾರಿಯಾ ಜನ ಬಲಿತ ಕಲ್ಲಣಬೆಯ ಕಂದು ಹುಡಿಯನ್ನು ಸಾಸಿವೆಯೆಣ್ಣೆಯಲ್ಲಿ ಕಲಸಿ ಸುಟ್ಟಗಾಯಕ್ಕೆ ಹಚ್ಚುತ್ತಿದ್ದರು. ಚೀನೀ ಪದ್ಧತಿಯಲ್ಲಿ ಅದೇ ಹುಡಿ ಗಾಯದ ರಕ್ತ ನಿಲ್ಲಿಸಲಿಕ್ಕೆ. ಹುತ್ತದಣಬೆ ಹೊಟ್ಟೆಗೆ ಹಿತ, ಮೂಲವ್ಯಾಧಿಗೆ ಒಳ್ಳೆಯದು ಎಂದು 16ನೇ ಶತಮಾನದ ಚೀನೀ ವೈದ್ಯ ಲಿ ಶಿಝೆನ್ ತನ್ನ ಔಷಧಕೋಶದಲ್ಲಿ ಬರೆದಿದ್ದಾನೆ. ಹಲಸಿನ ಮರದ ಕಾಂಡದಲ್ಲಿ ಕಟ್ಟಿಗೆಯಷ್ಟೇ ಗಟ್ಟಿಯಾದ ಒಂದು ಕಂದು ಅಣಬೆ ಬೆಳೆಯುತ್ತದೆ. ಮಹಾರಾಷ್ಟ್ರದ ಕೊಂಕಣದಲ್ಲಿ ಅದಕ್ಕೆ ಫಣಸೋಂಬಾ ಎನ್ನುತ್ತಾರೆ, ಕಲ್ಲಿನ ಮೇಲೆ ನೀರು ಹಾಕಿ ತೇಯ್ದು ಬಾಯಿಹುಣ್ಣಿಗೆ ಹಚ್ಚುತ್ತಾರೆ. ಅದರ ಬಂಧು ಜಾತಿಯ ಮೇಲೆ ತ್ರಿಶ್ಶೂರಿನ ಅಮಲ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಇಲಿಗಳ ಮೇಲಿನ ಪ್ರಯೋಗಗಳೂ ನಡೆದಿವೆ.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿ. ಹೆಚ್ಚಿನವು ಮೇಲೆ ಹಚ್ಚುವ ಮದ್ದು, ಹೊಟ್ಟೆಗಲ್ಲ. ತಿನ್ನುವ ಎಳೆಯ ಕಲ್ಲಣಬೆಗೂ ಹಚ್ಚುವ ಬಲಿತ ಹುಡಿಗೂ ವ್ಯತ್ಯಾಸವಿದೆ. ಇಲಿಗೆ ಕೊಟ್ಟ ಸಾರಕ್ಕೂ ಕಲ್ಲಿನ ಮೇಲೆ ತೇಯ್ದು ಹಚ್ಚುವ ಮದ್ದಿಗೂ ಸಂಬಂಧ ಕಡಿಮೆ. ಜಪಾನಿನಲ್ಲಿ 1977ರಲ್ಲಿ ಒಪ್ಪಿಗೆ ಪಡೆದ ಕ್ರೆಸ್ಟಿನ್ ಎಂಬ ಔಷಧ ಮರದ ದಿಮ್ಮಿಯ ಮೇಲೆ ಬೆಳೆಯುವ ಅಣಬೆಯದ್ದೇ, ನಿಜ. ಆದರೆ ಅದು ಶೋಧಿಸಿ, ಅಳತೆ ಕಟ್ಟಿ, ಕ್ಯಾನ್ಸರಿನ ಉಳಿದ ಚಿಕಿತ್ಸೆಯ ಜೊತೆಗೆ ಕೊಡುತ್ತಿದ್ದ ಔಷಧ.

ಕ್ಯಾಪ್ಸೂಲಿನ ಡಬ್ಬಿಯ ಮೇಲೆ ಹೆಚ್ಚಾಗಿ ಇರುವ ಹೆಸರು ಗ್ಯಾನೊಡರ್ಮ, ಅದೇ ರೇಯ್ಶಿ. ಅಡಿಕೆ, ತೆಂಗಿನ ತೋಟದವರಿಗೆ ಇದರ ಪರಿಚಯ ಬೇರೆ ರೀತಿಯದು. ಬುಡ ಕೊಳೆಸಿ ಮರವನ್ನೇ ಕೆಡವುವ ಅಣಬೆ ರೋಗ ಈ ಗುಂಪಿನದೇ. ಚೀನಾ, ಜಪಾನಿನಲ್ಲಿ ಇದಕ್ಕೆ ಬಹಳ ಹಿಂದಿನಿಂದ ಗೌರವವಿದೆ. ಆದರೆ ಆಗಿರುವ ಪರೀಕ್ಷೆಗಳನ್ನೆಲ್ಲ ಒಟ್ಟುಮಾಡಿ ತೂಗಿದ ಕಾಕ್ರೇನ್ ವರದಿ, ಕ್ಯಾನ್ಸರಿಗೆ ಮೊದಲ ಚಿಕಿತ್ಸೆಯಾಗಿ ಇದನ್ನು ಬಳಸುವಷ್ಟು ಆಧಾರ ಇಲ್ಲವೆಂದೇ ಹೇಳಿತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅಪಾಯ ತರಬಹುದು, ಪುಡಿ ತಿಂದು ಲಿವರ್ ಕೆಟ್ಟ ಪ್ರಕರಣಗಳೂ ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ನೆಂಟರೊಬ್ಬರು ಡಬ್ಬಿ ಹಿಡಿದು ಮನೆಗೆ ಬಂದಾಗ ಬೇಡವೆನ್ನುವುದು ಕಷ್ಟ. ಆದರೂ ಆಪರೇಷನ್ ಆದ ಅತ್ತೆಗೆ ಕೊಡುವ ಮೊದಲು ಅವರ ವೈದ್ಯರಿಗೆ ಡಬ್ಬಿ ತೋರಿಸಿ. ಮದ್ದಿಗೆ ಯಾವ ಅಣಬೆ ಎಂಬ ಪ್ರಶ್ನೆಗೆ ನನ್ನ ಉತ್ತರ: ಮನೆಯಲ್ಲಿ ನಾವಾಗಿ ಆರಿಸಿಕೊಳ್ಳುವಂಥದ್ದು ಯಾವುದೂ ಇಲ್ಲ.

ಕೊಳ್ಳುವಾಗ, ಎತ್ತುವಾಗ

ಎತ್ತುವುದಾದರೆ ಹುತ್ತ ಒಡೆಯಬೇಡಿ. ಕೊಡೆ ಎತ್ತಿದರೆ ಕೆಳಗಿನ ತಟ್ಟಿ ಹಾಗೇ ಉಳಿಯುತ್ತದೆ, ಬರುವ ವರ್ಷ ಅಲ್ಲೇ ಏಳುತ್ತದೆ. ಪಿಕಾಸಿ ಹಾಕಿ ತಟ್ಟಿ ಕಿತ್ತರೆ ಆ ಜಾಗದ ಕಥೆ ಮುಗಿದಂತೆ. ಪೂರ್ತಿ ಅರಳಿದ ನಾಲ್ಕನ್ನು ಬಿಟ್ಟು ಬನ್ನಿ, ಅವು ಹುಡಿ ಉದುರಿಸಲಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಅನುಮತಿ ಇಲ್ಲದೆ ಎತ್ತುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು.

ಕೊಳ್ಳುವುದಾದರೆ ಪ್ರತಿವರ್ಷ ಅದೇ ಜಾಗದಲ್ಲಿ ಕೂರುವವರ ಹತ್ತಿರ ಕೊಳ್ಳಿ. ಕಲ್ಲಣಬೆ ಈಗಲೂ ಕೆಲವು ಕಡೆ ಸೇರಿನಲ್ಲಿ ಅಳೆದು ಕೊಡುತ್ತಾರೆ, ಕಿಲೋಗೆ ನೂರಾರು ರೂಪಾಯಿ ಆಗುತ್ತದೆ. ಚೌಕಾಸಿ ಮಾಡುವ ಮೊದಲು ಒಂದು ಸೇರು ಹೆಕ್ಕಲು ಎಷ್ಟು ಗಂಟೆ ಬೆನ್ನು ಬಗ್ಗಿಸಬೇಕು ಎಂದು ಕೇಳಿ ನೋಡಿ. ಬುಟ್ಟಿಯಿಂದ ನಾಲ್ಕು ಉಂಡೆ ತೆಗೆದು ಸೀಳಿ ತೋರಿಸಿ ಎಂದರೆ ಒಳ್ಳೆಯ ಮಾರುವವರು ಮುನಿಸಿಕೊಳ್ಳುವುದಿಲ್ಲ. ನಾಲ್ಕರಲ್ಲಿ ಎರಡು ಕಪ್ಪಾಗಿದ್ದರೆ ಆ ಬುಟ್ಟಿ ಬೇಡ. ಹುತ್ತದಣಬೆಯಾದರೆ ಬೇರು ಕತ್ತರಿಸಿ ಚೊಕ್ಕ ಮಾಡಿಟ್ಟದ್ದನ್ನು ಕೊಳ್ಳಬೇಡಿ, ಬೇರೇ ಅದರ ಗುರುತು.

ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಕಳಿಸುವುದಾದರೆ ಕಲ್ಲಣಬೆಯನ್ನೇ ಕಳಿಸಿ. ತೊಳೆಯಬಾರದು, ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಬೆವತು ಹುಳಿ ವಾಸನೆ ಬರುತ್ತದೆ. ಮಣ್ಣುಸಮೇತ ತೇಗದ ಎಲೆಯಲ್ಲೋ ಬಾಳೆಲೆಯಲ್ಲೋ ಕಟ್ಟಿ, ಮೇಲೆ ಗೋಣಿತುಂಡು ಸುತ್ತಿ ಕಳಿಸಿದರೆ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಸಿಕೊಳ್ಳುವಾಗ ಗುಡ್ಡದ ವಾಸನೆಯೂ ಹಾಗೇ ಇರುತ್ತದೆ. ತಂಗಿಗೆ ಕಳಿಸುವ ಕಟ್ಟಿನೊಳಗೆ ನಾನು ಒಂದು ಚೀಟಿಯನ್ನೂ ಇಡುತ್ತೇನೆ: "ಒಂದೊಂದನ್ನೂ ಸೀಳಿ ನೋಡು."